ಮಾಗಡಿ ಕೆರೆಯೋ, ಅಘನಾಶಿನಿ ಅಳಿವೆಯೋ?

ಮಾರ್ಚ್ ಬಂದರೆ ನನಗೂ ತಮ್ಮನಿಗೂ ಒಂದೇ ಜಗಳ. ಊರಿಗೆ ಹೊರಟು ನಿಂತ ವಲಸೆ ಹಕ್ಕಿಗಳನ್ನು ಎಲ್ಲಿ ನೋಡುವುದು? ನಾನು ಗದಗ ಜಿಲ್ಲೆಯ ಮಾಗಡಿ ಕೆರೆ ಅಂತೀನಿ, ಅವನು ಕುಮಟಾ ಕಡೆ ಅಘನಾಶಿನಿ ನದಿ ಕಡಲು ಸೇರುವ ಅಳಿವೆ ಅಂತಾನೆ. ಎರಡೂ 2024ರಲ್ಲಿ ಒಟ್ಟಿಗೇ ರಾಮ್ಸರ್ ಪಟ್ಟಿ (ಜಾಗತಿಕ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದವು, ಹಾಗಾಗಿ ಆ ಲೆಕ್ಕದಲ್ಲಿ ಯಾರೂ ಗೆಲ್ಲಲ್ಲ. ಈ ಸಲ ಎರಡಕ್ಕೂ ಹೋಗಿ ಬಂದೆವು.

ಹುಬ್ಬಳ್ಳಿಯಿಂದ ಲಕ್ಷ್ಮೇಶ್ವರದ ಮೇಲೆ ಹಾದು ಮಾಗಡಿಗೆ ಬೈಕಿನಲ್ಲಿ ಎರಡು ತಾಸು. ಮಾರ್ಚ್ ಮೊದಲ ಭಾನುವಾರ ನಸುಕಿನಲ್ಲೇ ಕೆರೆಯ ಏರಿ ಮೇಲೆ ಕೂತಿದ್ದೆವು. ನೀರಿನ ಮೇಲೆ ಒಂದು ಹಕ್ಕಿಯೂ ಇಲ್ಲ. ಪಕ್ಕದಲ್ಲಿ ಎಮ್ಮೆ ಮೈತೊಳೆಯುತ್ತಿದ್ದ ಅಜ್ಜ ನಕ್ಕ: "ರಾತ್ರಿ ನಮ್ಮ ಹೊಲದಾಗ ಉಂಡು, ಹಗಲು ಇಲ್ಲಿ ಮಕ್ಕೊಳ್ತಾವ್ರಿ. ತಡೀರಿ, ಬರ್ತಾವ." ಬಿಸಿಲೇರುವಾಗ ಪಟ್ಟೆತಲೆ ಹೆಬ್ಬಾತುಗಳು ಸಾಲುಸಾಲಾಗಿ ಬಂದವು. ಇಳಿಯುವಾಗ ಮೈಯನ್ನೇ ಓರೆ ಮಾಡಿ, ರೆಕ್ಕೆಯೊಳಗಿನ ಗಾಳಿ ಚೆಲ್ಲಿ, ಒಣ ಎಲೆಯ ಹಾಗೆ ಬೀಳ್ತಾವೆ. ಬೈನಾಕ್ಯುಲರ್ ಬೇಕಾಗಲೇ ಇಲ್ಲ, ತಲೆಯ ಎರಡು ಕಪ್ಪು ಗೆರೆ ಬರಿಗಣ್ಣಿಗೇ ಕಂಡವು. ಇವು ಹಿಮಾಲಯ ದಾಟುವಾಗ 7,000 ಮೀಟರ್‌ಗೂ ಮೇಲೆ ಹಾರಿದ ದಾಖಲೆ ಇದೆ. ನಮ್ಮ ಶೇಂಗಾ, ಕಡಲೆ ತಿಂದು ಮಂಗೋಲಿಯಾಕ್ಕೆ!

ಕಡಲಿಗೆ ಹೋದದ್ದು ಏಪ್ರಿಲ್‌ನಲ್ಲಿ. ಅರಬೈಲು ಘಟ್ಟ ಇಳಿದು ಅಳಿವೆ ದಂಡೆಯ ತದಡಿ ಮುಟ್ಟುವಷ್ಟರಲ್ಲಿ ಸೊಂಟ ಹೋಗಿತ್ತು. ತಮ್ಮ ನೀರಿನ ಇಳಿತ ನೋಡದೇ ಕರೆತಂದಿದ್ದ. ಕೆಸರು ಅಷ್ಟುದ್ದ ಬಿಚ್ಚಿಕೊಂಡಿದೆ, ಬಳಚು (ಚಿಪ್ಪಿನ ಜೀವಿ) ಆರಿಸುವ ಹೆಂಗಸರೇ ಜಾಸ್ತಿ, ಹಕ್ಕಿಗಳು ಎಲ್ಲೋ ಸಾಸಿವೆ ಕಾಳು. ಮಧ್ಯಾಹ್ನ ಭರತ (ಕಡಲಿನ ಉಬ್ಬರ) ಏರಿದ ಮೇಲೆ ಚಿತ್ರವೇ ಬದಲಾಯಿತು. ನೀರು ತಳ್ಳಿದ ಹಾಗೆ ಕೆಸರಲ್ಲಿ ಮೇಯುವ ಗೊರವ ಹಕ್ಕಿಗಳು ದಂಡೆಗೆ ಸರಿದವು. ಪುಟ್ಟ ಸ್ಯಾಂಡ್ ಪ್ಲೋವರ್‌ಗಳ ಎದೆ ಆಗಲೇ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಚಳಿಗಾಲದಲ್ಲಿ ಬೂದು ಬೂದಾಗಿರುವ ಹಕ್ಕಿ ಇದೇನಾ ಅನಿಸಿತು.

ಆದರೆ ಗಾಳಿ! ರೀವಗಳು (ಟರ್ನ್), ಕಡಲಕ್ಕಿಗಳು (ಗಲ್) ಎಲ್ಲವೂ ಗಾಳಿಗೆ ಕೊಕ್ಕು ಕೊಟ್ಟು ಒಂದೇ ದಿಕ್ಕಿಗೆ ಕೂತಿದ್ದವು. ನಾವೂ ಹಾಗೇ ಕೂರಲು ಹೋಗಿ ಕಣ್ಣಲ್ಲಿ ಮರಳು ತುಂಬಿಸಿಕೊಂಡೆವು. ಟ್ರೈಪಾಡ್ ಅಲ್ಲಾಡದಿರಲಿ ಅಂತ ನೀರಿನ ಬಾಟಲಿ ನೇತುಹಾಕಬೇಕಾಯಿತು.

ಮಕ್ಕಳನ್ನು ಕರೆದುಕೊಂಡು ಹೋಗೋರಿಗೆ ಸುಮ್ನೆ ಮಾಗಡಿಯೇ ಸರಿ. ಆದರೆ ಏಪ್ರಿಲ್‌ಗೆ ಅಲ್ಲಿ ಹೆಬ್ಬಾತು ಇರಲ್ಲ, ಆಗ ಕಡಲೇ ಗತಿ, ಆ ಇಟ್ಟಿಗೆ ಬಣ್ಣಕ್ಕಾದರೂ ಮತ್ತೆ ಹೋಗ್ತೀನಿ. ಭರತದ ವೇಳೆ ಮಾತ್ರ ನಾನೇ ನೋಡ್ತೀನಿ.