ಮೈಸೂರಿನಿಂದ ಹೈದರಾಬಾದಿಗೆ: ಮಂಡಕಳ್ಳಿ ವಿಮಾನವೋ, ದೇವನಹಳ್ಳಿಯೋ, ಕಾಚಿಗುಡ ರೈಲೋ?

ತಮ್ಮ ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಮ್ಮ ಮನೆಯವರಿಗೆಲ್ಲ ಆ ದಾರಿ ರೂಢಿಯಾಗಿದೆ. ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಹೋಗಲು ಮೂರು ದಾರಿ ಇವೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ನೇರ ವಿಮಾನ, ಇಲ್ಲವೇ ವಿಮಾನ ನಿಲ್ದಾಣಕ್ಕೇ ಹೋಗುವ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಹತ್ತಿ ಬೆಂಗಳೂರಿನ ದೇವನಹಳ್ಳಿಗೆ ಹೋಗಿ ಅಲ್ಲಿಂದ ವಿಮಾನ, ಇಲ್ಲವೇ ಕಾಚಿಗುಡ ಎಕ್ಸ್‌ಪ್ರೆಸ್ ರೈಲು. ಮೂರರಲ್ಲೂ ಓಡಾಡಿದ್ದೇನೆ, ಒಬ್ಬಳೇ ಹೋಗಿದ್ದೇನೆ, ಮಕ್ಕಳನ್ನು ಕಟ್ಟಿಕೊಂಡು ಹೋಗಿದ್ದೇನೆ, ಮಂಡಿನೋವಿನ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೇನೆ. ಯಾರಾದರೂ ಕೇಳಿದರೆ ಮೊದಲು ಮಂಡಕಳ್ಳಿ ಅಂತಲೇ ಹೇಳುತ್ತೇನೆ. ಆದರೆ ಎಲ್ಲರಿಗೂ ಅಲ್ಲ, ಎಲ್ಲ ದಿನಕ್ಕೂ ಅಲ್ಲ.

ಮೊದಲು ಸಮಯದ ವಿಷಯ. ಟಿಕೆಟ್ ಮೇಲಿರುವ ಹೊತ್ತು ನೋಡಿ ಲೆಕ್ಕ ಹಾಕಬೇಡಿ. ಮನೆಗೆ ಬೀಗ ಹಾಕಿದ ಹೊತ್ತಿನಿಂದ ಲೆಕ್ಕ ಹಾಕಿ. ದೇವನಹಳ್ಳಿಯಿಂದ ಜೆಟ್ ವಿಮಾನ ಸುಮಾರು ಒಂದೂಕಾಲು ಗಂಟೆಯಲ್ಲಿ ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಶಾಬಾದಿನಲ್ಲಿ ಇಳಿಸುತ್ತದೆ. ಮಂಡಕಳ್ಳಿಯಿಂದ ಹೋಗುವುದು ಎಟಿಆರ್, ರೆಕ್ಕೆಯ ಮೇಲೆ ಫ್ಯಾನ್ ತಿರುಗುವ ಸಣ್ಣ ವಿಮಾನ, ಅದಕ್ಕೆ ಎರಡು ಗಂಟೆಯ ಹತ್ತಿರ ಬೇಕು. ಕಾಗದದ ಮೇಲೆ ದೇವನಹಳ್ಳಿಯೇ ಬೇಗ. ಆದರೆ ನಮ್ಮ ಮನೆಯಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಹತ್ತಿರ ಹತ್ತಿರ 185 ಕಿಲೋಮೀಟರ್ ದೂರ ಅಲ್ವಾ? 2023ರ ಮಾರ್ಚ್‌ನಲ್ಲಿ ದಶಪಥ ಹೆದ್ದಾರಿ ಉದ್ಘಾಟನೆ ಆದ ಮೇಲೆ ಕುಂಬಳಗೋಡಿನವರೆಗೆ ಬಸ್ಸು ಸಲೀಸಾಗಿ ಓಡುತ್ತದೆ, ನಿಜ. ಅಲ್ಲಿಂದಾಚೆಗೆ ಬೆಂಗಳೂರು. ಹೆಬ್ಬಾಳ ದಾಟುವವರೆಗೆ ಯಾವ ಮಾತನ್ನೂ ಕೊಡುವ ಹಾಗಿಲ್ಲ. ಬಸ್ಸಿಗೇ ನಾಲ್ಕು ಗಂಟೆ ಇಟ್ಟುಕೊಳ್ಳಬೇಕು, ಟ್ರಾಫಿಕ್ ಭಯಕ್ಕೆ ಇನ್ನೊಂದು ಗಂಟೆ, ಚೆಕ್‌ಇನ್ ಸೆಕ್ಯೂರಿಟಿಗೆ ಮತ್ತೆರಡು ಗಂಟೆ. ಮಧ್ಯಾಹ್ನದ ವಿಮಾನಕ್ಕೆ ಬೆಳಗಿನ ಜಾವ ಎದ್ದು ಹೊರಡಬೇಕು.

ಮಂಡಕಳ್ಳಿ ನಂಜನಗೂಡು ರಸ್ತೆಯಲ್ಲಿ, ಊರಿನಿಂದ ಹನ್ನೊಂದು ಹನ್ನೆರಡು ಕಿಲೋಮೀಟರ್. ನಮ್ಮ ಮನೆಯಿಂದ ಆಟೋದಲ್ಲಿ ಅರ್ಧ ಗಂಟೆಯೂ ಬೇಡ. ತಿಂಡಿ ತಿಂದು, ಪಾತ್ರೆ ತೊಳೆದಿಟ್ಟು ಹೊರಟರೂ ಒಂದೂವರೆ ಗಂಟೆ ಮುಂಚೆ ಅಲ್ಲಿರಬಹುದು. ಟರ್ಮಿನಲ್ ಒಂದು ದೊಡ್ಡ ಕಲ್ಯಾಣ ಮಂಟಪದಷ್ಟಿದೆ. ಕಾರು ಇಳಿದ ಜಾಗದಿಂದ ಕೌಂಟರ್ ಕಾಣುತ್ತದೆ, ಕೌಂಟರಿನಿಂದ ಸೆಕ್ಯೂರಿಟಿ ಕಾಣುತ್ತದೆ. ದೇವನಹಳ್ಳಿಯಲ್ಲಿ ಅಮ್ಮನಿಗೆ ವೀಲ್‌ಚೇರ್ ಹೇಳಲೇಬೇಕಾಯಿತು. ಮಂಡಕಳ್ಳಿಯಲ್ಲಿ ನನ್ನ ತೋಳು ಹಿಡಿದುಕೊಂಡು ತಾನೇ ನಡೆದಳು.

ಹತ್ತುವ ರೀತಿಯನ್ನೂ ಹೇಳಬೇಕು, ಮೊದಲ ಸಲ ಹೋಗುವವರಿಗೆ ಅನುಕೂಲ. ಎಟಿಆರ್‌ನಲ್ಲಿ ಜನ ಹತ್ತುವ ಬಾಗಿಲು ಹಿಂದುಗಡೆ ಇರುತ್ತದೆ, ಮುಂದಿನ ಭಾಗ ಲಗೇಜಿಗೆ. ನಾವು ಹೋದ ಸಲ ಆ ಬಾಗಿಲೇ ಕೆಳಕ್ಕೆ ತೆರೆದು ಮೆಟ್ಟಿಲಾಗಿತ್ತು. ನಾಲ್ಕೈದು ಮೆಟ್ಟಿಲು ಅಷ್ಟೇ, ಹಿಡಿಯಲು ಸಣ್ಣ ಕಂಬಿ. ಅಮ್ಮ ಪ್ರತಿ ಮೆಟ್ಟಿಲಿಗೂ ಎರಡು ಕಾಲು ಇಟ್ಟು ಹತ್ತಿದಳು, ಹಿಂದೆ ಇದ್ದವರು ಯಾರೂ ಅವಸರ ಮಾಡಲಿಲ್ಲ. ಹಾಗಾಗಿ ವಯಸ್ಸಾದವರಿಗೆ ಹಿಂದಿನ ಸೀಟನ್ನೇ ತೆಗೆಯಿರಿ. ಬಾಗಿಲಿಗೆ ಹತ್ತಿರ, ಫ್ಯಾನಿನ ಸದ್ದೂ ಅಲ್ಲಿ ಕಡಿಮೆ. ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಕೆಳಗಿನದೆಲ್ಲ ಚೆನ್ನಾಗಿ ಕಾಣುತ್ತದೆ. ಮೇಲಿನ ಬ್ಯಾಗ್ ಇಡುವ ಜಾಗ ಮಾತ್ರ ಚಿಕ್ಕದು, ಗಟ್ಟಿ ಟ್ರಾಲಿ ಹಿಡಿಯುವುದಿಲ್ಲ.

ಇಷ್ಟೆಲ್ಲ ಇದ್ದೂ ನಾನು ಮಂಡಕಳ್ಳಿಯನ್ನು ಕಣ್ಣುಮುಚ್ಚಿ ಹೇಳುವುದಿಲ್ಲ. ಒಂದು ಸಲ ಹಿಂದಿನ ಸಂಜೆ ಮೆಸೇಜ್ ಬಂತು, ನಾಳೆಯ ವಿಮಾನ ರದ್ದು ಅಂತ. ಬೇರೆ ವಿಮಾನ ಕೊಡಬೇಕು, ಇಲ್ಲ ಹಣ ವಾಪಸ್ ಕೊಡಬೇಕು ಅನ್ನುವುದು ನಿಯಮ, ಅವರು ಎರಡನ್ನೂ ಮುಂದಿಟ್ಟರು. ಆದರೆ ಆ ಬೇರೆ ವಿಮಾನ ಮರುದಿನದ್ದು. ನನಗೆ ಬೇಕಿದ್ದದ್ದು ಅದೇ ದಿನ. ದೇವನಹಳ್ಳಿಯಲ್ಲಿ ಒಂದು ತಪ್ಪಿದರೆ ಕೆಲವು ಗಂಟೆಯಲ್ಲಿ ಇನ್ನೊಂದು ಸಿಗುತ್ತದೆ. ಇಲ್ಲಿ ತಪ್ಪಿದರೆ ಆ ದಿನವೇ ಹೋಯಿತು. ಸಂದರ್ಶನ, ಪರೀಕ್ಷೆ, ಹೈದರಾಬಾದಿನಿಂದ ಮುಂದಕ್ಕೆ ವಿದೇಶದ ವಿಮಾನ ಇದ್ದರೆ ದಯವಿಟ್ಟು ದೇವನಹಳ್ಳಿಗೇ ಹೋಗಿ, ಅಥವಾ ಒಂದು ದಿನ ಮುಂಚೆ ಹೊರಡಿ.

ಇದರ ಬೇರು ಹಣದಲ್ಲಿದೆ, ರನ್‌ವೇಯಲ್ಲಿದೆ. ಮಂಡಕಳ್ಳಿ ಹೊಸದಾಗಿ ಶುರುವಾದದ್ದು 2010ರಲ್ಲಿ. ಆಗ ಕಿಂಗ್‌ಫಿಷರ್ ಬೆಂಗಳೂರಿಗೆ ಹಾರಿಸಿತು, ಮರುವರ್ಷ ನಿಲ್ಲಿಸಿತು. 2013ರಲ್ಲಿ ಸ್ಪೈಸ್‌ಜೆಟ್ ಬಂತು, ಅದೂ ಉಳಿಯಲಿಲ್ಲ. ಆಮೇಲೆ ಬಂದದ್ದು ಸಣ್ಣ ಊರುಗಳಿಗೂ ಅಗ್ಗದ ವಿಮಾನ ಕೊಡುವ ಕೇಂದ್ರದ ಉಡಾನ್ ಯೋಜನೆ. ಅದರಲ್ಲಿ ವಿಮಾನದ ಸುಮಾರು ಅರ್ಧ ಸೀಟುಗಳಿಗೆ ದರದ ಮಿತಿ ಇರುತ್ತದೆ, ಒಂದು ಗಂಟೆಯ ಹಾರಾಟಕ್ಕೆ ಶುರುವಿನಲ್ಲಿ 2,500 ರೂಪಾಯಿ ಅಂತ ಇಟ್ಟಿದ್ದರು. ಕಂಪನಿಗೆ ಆಗುವ ನಷ್ಟವನ್ನು ಕೇಂದ್ರ ಮತ್ತು ರಾಜ್ಯ ಸೇರಿ ತುಂಬಿಕೊಡುತ್ತವೆ, ರಾಜ್ಯದ ಪಾಲು ನೂರಕ್ಕೆ 20. ಅದರ ನೆರವಿನಿಂದಲೇ 2017ರ ಸೆಪ್ಟೆಂಬರ್‌ನಲ್ಲಿ ಟ್ರೂಜೆಟ್ ಮೈಸೂರು–ಚೆನ್ನೈ ಶುರು ಮಾಡಿತು, 2019ರಲ್ಲಿ ಅಲಯನ್ಸ್ ಏರ್ ಹೈದರಾಬಾದ್, ಕೊಚ್ಚಿ, ಗೋವಾಕ್ಕೆ ಹಾರಿಸಿತು. ಅಗ್ಗದ ಸೀಟು ಬೇಗ ಬುಕ್ ಮಾಡಿದವರಿಗೆ ಸಿಗುತ್ತದೆ, ಉಳಿದದ್ದು ಮಾರುಕಟ್ಟೆ ದರ. ಕೊನೆ ವಾರದಲ್ಲಿ ತೆಗೆದರೆ ದೇವನಹಳ್ಳಿಯ ಟಿಕೆಟ್, ಫ್ಲೈಬಸ್ ಎರಡೂ ಸೇರಿದರೂ ಅದಕ್ಕಿಂತ ಕಡಿಮೆ ಬೀಳುವುದುಂಟು.

ಈ ನೆರವು ಮೂರು ವರ್ಷಕ್ಕೆ ಮಾತ್ರ. ಜನರಿಗೆ ರೂಢಿಯಾಗುವ ಹೊತ್ತಿಗೆ ಹಣ ನಿಲ್ಲುತ್ತದೆ, ವಿಮಾನವೂ ನಿಲ್ಲುತ್ತದೆ. ಇದು ನಮ್ಮೂರಿನದೊಂದೇ ಕಥೆ ಅಲ್ಲ. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ 2023ರ ವರದಿಯಲ್ಲಿ ಉಡಾನ್‌ನ ಮೊದಲ ಮೂರು ಸುತ್ತಿನ ಲೆಕ್ಕ ಕೊಟ್ಟಿದೆ: ಕೊಟ್ಟ 774 ಮಾರ್ಗಗಳಲ್ಲಿ ಶುರುವಾದದ್ದು 371, ಮೂರು ವರ್ಷ ಪೂರೈಸಿದ್ದು 112, ಅದರಾಚೆಗೂ ಉಳಿದದ್ದು 54. ನಮ್ಮ ರನ್‌ವೇ ಉದ್ದ 1,740 ಮೀಟರ್. ತುಂಬಿದ ಏರ್‌ಬಸ್ ದಿನಾ ಬಂದುಹೋಗಲು ಇದು ಸಾಲದು, ಅದಕ್ಕೇ ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್ ಬಿಟ್ಟರೆ ಬೇರೆ ಗತಿಯಿಲ್ಲ. 2,750 ಮೀಟರಿಗೆ ಬೆಳೆಸುವ ಯೋಜನೆ ಇದೆ, ಜಮೀನು, ನಂಜನಗೂಡು ಹೆದ್ದಾರಿ, ಚಾಮರಾಜನಗರದ ರೈಲು ಹಳಿ ಎಲ್ಲವೂ ಅದಕ್ಕೆ ಅಡ್ಡ ಬರುತ್ತವೆ. ಸೀಟಿಗೆ ಮೂರು ವರ್ಷ ಕೊಟ್ಟ ಹಣಕ್ಕಿಂತ ಈ ರನ್‌ವೇಗೆ ಹಾಕುವ ಹಣ ಹೆಚ್ಚು ಕಾಲ ಬಾಳುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ರೈತರ ಜಮೀನಿಗೆ ನ್ಯಾಯವಾದ ಬೆಲೆ ಕೊಟ್ಟೇ ಅದು ಆಗಬೇಕು.

ಇನ್ನು ಕಾಚಿಗುಡ ಎಕ್ಸ್‌ಪ್ರೆಸ್. ಮಧ್ಯಾಹ್ನ ಮೂರರ ಮೇಲೆ ಹತ್ತಿದರೆ ಬೆಳಗಾಗುವ ಹೊತ್ತಿಗೆ ಕಾಚಿಗುಡ, ಹದಿನಾಲ್ಕು ಗಂಟೆ ಮೇಲಾಗುತ್ತದೆ. ಸ್ಲೀಪರ್ ದರಕ್ಕೆ ಯಾವ ವಿಮಾನವೂ ಸಾಟಿ ಇಲ್ಲ. ಇಳಿಯುವುದೇ ಊರೊಳಗೆ, ಶಂಶಾಬಾದಿನಿಂದ ಬಸ್ಸು ಹಿಡಿಯುವ ಕೆಲಸ ಇಲ್ಲ. ತಮ್ಮನಿಗೆ ಉಪ್ಪಿನಕಾಯಿ ಭರಣಿ, ಅಕ್ಕಿ, ಹುರಿಗಾಳು ಹೊತ್ತುಕೊಂಡು ಹೋಗುವಾಗ ನಾನು ರೈಲು ಬಿಟ್ಟು ಬೇರೇನೂ ನೋಡುವುದಿಲ್ಲ. ಮಕ್ಕಳಿಗೂ ರೈಲೇ ಇಷ್ಟ. ಅಮ್ಮನಿಗೆ ಮಾತ್ರ ಕಷ್ಟ. ಲೋಯರ್ ಬರ್ತ್ ಸಿಕ್ಕರೂ ರಾತ್ರಿ ಓಲಾಡುವ ಬೋಗಿಯಲ್ಲಿ ಟಾಯ್ಲೆಟ್‌ಗೆ ಹೋಗಿಬರುವುದು ಆ ಮಂಡಿಗೆ ಆಗುವುದಿಲ್ಲ.

ಮಂಡ್ಯದಲ್ಲಿರುವ ಚಿಕ್ಕಮ್ಮ ಕೇಳಿದಾಗ ನಾನು ಬೇರೆಯೇ ಹೇಳಿದೆ. ಅವರಿಗೆ ಮಂಡಕಳ್ಳಿ ಹಿಂದಕ್ಕೆ ಬರುವ ದಾರಿ, ಆದರೂ ಮೈಸೂರಿನ ಕಡೆ ಟ್ರಾಫಿಕ್ ಕಡಿಮೆ, ಒಂದೂವರೆ ಗಂಟೆಯಲ್ಲಿ ಮುಟ್ಟಬಹುದು. ರೈಲಾದರೆ ಮಂಡ್ಯದಲ್ಲೇ ನಿಲ್ಲುತ್ತದೆ. ಚಿಕ್ಕಮ್ಮನಿಗೆ ಕಾಲು ಗಟ್ಟಿ ಇದೆ, ಅವಸರ ಇಲ್ಲ, ಕಾಚಿಗುಡವನ್ನೇ ಹತ್ತಿ ಅಂದೆ. ಅಮ್ಮನನ್ನು ಕಳಿಸುವಾಗ ನಾನು ತೆಗೆಯುವುದು ಮಂಡಕಳ್ಳಿ ಟಿಕೆಟ್ಟೇ, ತಿಂಗಳು ಮುಂಚೆ, ಹಿಂದಿನ ಸಾಲು. ಹೊರಡುವ ಹಿಂದಿನ ದಿನ ಎರಡು ಸಲ ಫೋನ್ ತೆಗೆದು ವಿಮಾನ ಇದೆಯಾ ಅಂತ ನೋಡುತ್ತೇನೆ, ನೀವೂ ನೋಡಿ.