ಡಚ್ಚರಿಗೆ ಇಂಗ್ಲಿಷ್ ನುಡಿಗಟ್ಟು: ಜೋಡಿಪಟ್ಟಿಯ ಪುಸ್ತಕವೋ, ನಿಘಂಟೋ, ಆಂಕಿಯೋ?

ಪುಸ್ತಕಕ್ಕೆ ದುಡ್ಡು ಹಾಕುವ ಮುಂಚೆ ಇದನ್ನು ಓದಿ. ಡಚ್ ಮನೆಮಾತಿನವರು ಇಂಗ್ಲಿಷ್ ನುಡಿಗಟ್ಟು ಕಲಿಯುವುದಾದರೆ ಪ್ರಶ್ನೆ–ಉತ್ತರದ ಕಾರ್ಡುಗಳನ್ನು ಅಂತರ ಬಿಟ್ಟು ಮತ್ತೆ ಮತ್ತೆ ತೋರಿಸಿ ನೆನಪಿಸುವ ಆಂಕಿ ಎಂಬ ಆ್ಯಪಿನಲ್ಲಿ ತಾವೇ ಕಾರ್ಡ್ ಮಾಡಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಉಚಿತ ಆನ್‌ಲೈನ್ ನಿಘಂಟು ಎರಡನೆಯದು. ದುಡ್ಡು ಕೊಟ್ಟು ತರಬೇಕಾದ ಡಚ್–ಇಂಗ್ಲಿಷ್ ಜೋಡಿಪಟ್ಟಿಯ ಪುಸ್ತಕ ಕೊನೆಯದು. ನೆದರ್ಲೆಂಡ್ಸ್‌ನಲ್ಲಿ ಡಚ್ ಶಾಲೆಗೆ ಹೋಗುತ್ತಿರುವ ಕನ್ನಡದ ಮಕ್ಕಳಿಗೂ ಇದೇ ಲೆಕ್ಕ. ಅವರ ಇಂಗ್ಲಿಷ್ ಕೂಡ ಡಚ್ಚಿನ ಜಾಡನ್ನೇ ಹಿಡಿಯುತ್ತದೆ.

ಜೋಡಿಪಟ್ಟಿ ಎಂದರೆ ಎಡಗಡೆ ಡಚ್ ಗಟ್ಟು, ಬಲಗಡೆ ಅದಕ್ಕೆ ಸಮನಾದ ಇಂಗ್ಲಿಷ್ ಗಟ್ಟು. ನೋಡಲು ಬಹಳ ಅನುಕೂಲ. ಆದರೆ ಅದರ ಒಂದು ಪಾಲು ಡಚ್ಚರಿಗೆ ಬೇಕಾಗೇ ಇಲ್ಲ. 'ಬ್ರೇಕ್ ದ ಐಸ್', 'ಹಿಟ್ ದ ನೇಲ್ ಆನ್ ದ ಹೆಡ್', ಮಡಕೆ ಕೆಟಲನ್ನು ಕಪ್ಪು ಎಂದು ಹಳಿಯುವ ಗಾದೆ, ಇವೆಲ್ಲ ಡಚ್ಚಿನಲ್ಲೂ ಹೆಚ್ಚು ಕಡಿಮೆ ಹಾಗೇ ಇವೆ. ಇನ್ನೊಂದು ಪಾಲು ಪೂರ್ತಿ ಬೇರೆ. ಡಚ್ಚರು ಸೊಳ್ಳೆಯನ್ನು ಆನೆ ಮಾಡುತ್ತಾರೆ, ಇಂಗ್ಲಿಷರು ಹೆಗ್ಗಣದಂಥ ಪ್ರಾಣಿ ತೋಡಿದ ಮಣ್ಣುಗುಡ್ಡೆಯನ್ನು ಬೆಟ್ಟ ಮಾಡುತ್ತಾರೆ. ಡಚ್ಚಿನಲ್ಲಿ ಒಂದೇ ಏಟಿಗೆ ಎರಡು ನೊಣ, ಇಂಗ್ಲಿಷಿನಲ್ಲಿ ನಮ್ಮಲ್ಲಿರುವಂತೆ ಒಂದೇ ಕಲ್ಲಿಗೆ ಎರಡು ಹಕ್ಕಿ. ಚಿತ್ರ ಬೇರೆಯಾದ್ದರಿಂದ ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ನಾಲ್ಕು ಸಲ ಕೇಳಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ.

ಕಾಟವೆಲ್ಲ ಅರ್ಧ ಹೋಲುವ ಗಟ್ಟುಗಳದ್ದು. 'ಅನ್ ಕಾಟ್ ಇನ್ ದ ಜಾಕ್ ಕೋಪನ್' ಎಂಬ ಡಚ್ ಮಾತನ್ನೇ ತೆಗೆದುಕೊಳ್ಳಿ. ಚೀಲದೊಳಗಿನ ಬೆಕ್ಕನ್ನು ಕೊಂಡರು, ಅಂದರೆ ಸರಕನ್ನು ನೋಡದೆ ಕೊಂಡು ಮೋಸಹೋದರು ಎಂದರ್ಥ. ಇಂಗ್ಲಿಷಿನಲ್ಲಿ ಇದಕ್ಕೆ ಸಮ 'ಬೈ ಎ ಪಿಗ್ ಇನ್ ಎ ಪೋಕ್'. ಬೆಕ್ಕಿನ ಜಾಗದಲ್ಲಿ ಹಂದಿ, ಚೀಲಕ್ಕೆ ಈಗ ಬಳಕೆ ತಪ್ಪಿದ ಹಳೆಯ ಪದ. ಅತ್ತ ಇಂಗ್ಲಿಷಿನಲ್ಲೂ ಬೆಕ್ಕು ಮತ್ತು ಚೀಲ ಇವೆ: 'ಲೆಟ್ ದ ಕ್ಯಾಟ್ ಔಟ್ ಆಫ್ ದ ಬ್ಯಾಗ್'. ಅದಕ್ಕೂ ಮೋಸದ ವ್ಯಾಪಾರಕ್ಕೂ ಸಂಬಂಧವಿಲ್ಲ, ಅದು ಗುಟ್ಟು ಬಿಟ್ಟುಕೊಡುವ ಮಾತು. ಡಚ್ಚರ ಕಿವಿಗೆ ಕ್ಯಾಟ್, ಬ್ಯಾಗ್ ಬಿದ್ದ ಕೂಡಲೇ ಮನಸ್ಸು ತಾನಾಗಿ ಮೋಸದ ವ್ಯಾಪಾರದತ್ತ ಓಡುತ್ತದೆ. ಅಂಗಿಯ ತೋಳಿನೊಳಗಿಂದ ಕೋತಿ ಹೊರಬಂತು ಎನ್ನುವ ಮತ್ತೊಂದು ಡಚ್ ಗಟ್ಟು ಅರ್ಥದಲ್ಲಿ ಈ ಇಂಗ್ಲಿಷ್ ಗಟ್ಟಿಗೆ ಹತ್ತಿರ, ಆದರೂ ಸಮವಲ್ಲ. ಅಲ್ಲಿ ಅಡಗಿದ್ದ ನಿಜ ಉದ್ದೇಶ ಬಯಲಾಗುತ್ತದೆ, ಇಲ್ಲಿ ಯಾರೋ ಬಾಯಿ ಬಿಡುತ್ತಾರೆ.

ಹೀಗೆ ಇನ್ನೂ ಇವೆ. 'ಓವರ್ ಹೆಟ್ ಹೋಫ್ಟ್ ಝೀನ್' ಎಂದರೆ ಕಣ್ತಪ್ಪಿ ಬಿಟ್ಟುಬಿಡುವುದು. 'ಇಟ್ ವೆಂಟ್ ಓವರ್ ಮೈ ಹೆಡ್' ಎಂದರೆ ತಲೆಗೆ ಹತ್ತಲಿಲ್ಲ ಎಂದು. ಕಡತದಲ್ಲಿ ಒಂದು ಸಾಲು ನೋಡದೆ ಬಿಟ್ಟ ಡಚ್ಚರು ಎರಡನೆಯದನ್ನು ಹೇಳಿದರೆ, ಎದುರಿನವರು ವಿಷಯವನ್ನು ಮೊದಲಿನಿಂದ ಬಿಡಿಸಿ ಹೇಳತೊಡಗುತ್ತಾರೆ. ದ್ರಾಕ್ಷಾರಸಕ್ಕೆ ನೀರು ಬೆರೆಸುವುದು ಎಂದರೆ ಡಚ್ಚಿನಲ್ಲಿ ಪಟ್ಟು ಸಡಿಲಿಸಿ ರಾಜಿಗೆ ಬರುವುದು, ಒಳ್ಳೆಯ ಗುಣ. ಇಂಗ್ಲಿಷಿನ 'ವಾಟರ್ ಡೌನ್' ಮಾತ್ರ ಪ್ರಸ್ತಾವದ ಕಸುವು ತೆಗೆಯುವುದು, ಬೈಗುಳಕ್ಕೆ ಸಮೀಪ. ಮೀಟಿಂಗಿನಲ್ಲಿ ಇದು ನಿಜಕ್ಕೂ ತೊಂದರೆ ತರುತ್ತದೆ.

ಪುಸ್ತಕ ಇಲ್ಲಿ ಸೋಲುವುದು ಏಕೆಂದರೆ ಅದು ಡಚ್ಚಿನಿಂದ ಇಂಗ್ಲಿಷಿಗೆ ಮಾತ್ರ ದಾರಿ ತೋರಿಸುತ್ತದೆ. ಬೆಕ್ಕು–ಚೀಲದ ಸಾಲಿನ ಎದುರು ಹಂದಿ ಎಂದು ಸರಿಯಾಗೇ ಬರೆದಿರುತ್ತದೆ. ಆದರೆ ಎಡವುವುದು ಇಂಗ್ಲಿಷ್ ಗಟ್ಟನ್ನು ಕೇಳಿದಾಗ, ಆ ಕಡೆಯಿಂದ ಪುಟ ಹುಡುಕುವಂತಿಲ್ಲ. ಮೇಲಾಗಿ ಯಾವುದು ಬಳಕೆಯಲ್ಲಿದೆ ಎಂದೂ ತಿಳಿಯದು. ಜೋರು ಮಳೆಗೆ 'ರೇನಿಂಗ್ ಕ್ಯಾಟ್ಸ್ ಆಂಡ್ ಡಾಗ್ಸ್' ಎಂದು ಕಲಿಸುತ್ತಾರೆ. ದಿನದ ಮಾತಿನಲ್ಲಿ ಇಂಗ್ಲಿಷರು ಹೆಚ್ಚಾಗಿ 'ಇಟ್ಸ್ ಪೋರಿಂಗ್' ಎಂದಷ್ಟೇ ಹೇಳುತ್ತಾರೆ.

ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡ್‌ನವರ ಕಲಿಕೆಯ ನಿಘಂಟುಗಳು ಆನ್‌ಲೈನಿನಲ್ಲಿ ಉಚಿತ. ಬ್ರಿಟಿಷ್ ಬಳಕೆಯೋ ಅಮೆರಿಕನ್ನೋ, ಸಲಿಗೆಯ ಮಾತೋ, ಹಳತಾಗಿದೆಯೋ ಎಂಬ ಗುರುತು ಇರುತ್ತದೆ, ಉದಾಹರಣೆ ವಾಕ್ಯವೂ ಸಿಗುತ್ತದೆ. ಒಂದೇ ಪದ ಹಾಕಿ ಹುಡುಕಬೇಡಿ, ಇಡೀ ಗಟ್ಟನ್ನೇ ಟೈಪ್ ಮಾಡಿ. ಕೊರತೆ ಒಂದೇ: ಓದಿದ್ದು ವಾರದೊಳಗೆ ಮರೆತುಹೋಗುತ್ತದೆ.

ದಿನ ತಪ್ಪದೆ ಆಡಿದರೆ ಅಂಕ ಕೊಡುವ ಆ್ಯಪ್‌ಗಳಲ್ಲಿ ನುಡಿಗಟ್ಟು ಸಿಗುವುದೇ ಕಡಿಮೆ. ಈ ಕೆಲಸಕ್ಕೆ ಬೇಡ.

ಆಂಕಿ ಕಂಪ್ಯೂಟರಿನಲ್ಲಿ, ಆಂಡ್ರಾಯ್ಡ್‌ನಲ್ಲಿ ಉಚಿತ. ಐಫೋನಿನ ಅಧಿಕೃತ ಆ್ಯಪ್‌ಗೆ ಮಾತ್ರ ದುಡ್ಡು. ಅದು ಬೇಡವೆಂದರೆ ಫೋನಿನ ಬ್ರೌಸರಿನಲ್ಲೇ ಆಂಕಿವೆಬ್ ತೆರೆದು ಅಭ್ಯಾಸ ಮಾಡಬಹುದು. ಕಾರ್ಡಿನ ಮುಂದೆ ಡಚ್ ಬರೆಯಲೇಬಾರದು, ಬರೆದರೆ ಅದು ಮತ್ತೆ ಜೋಡಿಪಟ್ಟಿಯೇ. ವಾಕ್ಯದ ಒಂದು ಭಾಗವನ್ನು ಮರೆಮಾಡಿ ಕೇಳುವ 'ಕ್ಲೋಜ್' ಮಾದರಿ ಆರಿಸಿ, ನಿಘಂಟಿನ ಉದಾಹರಣೆಯನ್ನು ಆಧರಿಸಿ ಎರಡು ಸಾಲಿನ ಇಂಗ್ಲಿಷ್ ಸನ್ನಿವೇಶ ಬರೆಯಿರಿ: ಗುಟ್ಟಾಗಿ ಪಾರ್ಟಿ ಏರ್ಪಾಡಾಗಿತ್ತು, ತಮ್ಮ ಬಾಯಿಬಿಟ್ಟ. ಅದರಲ್ಲಿ ಇಡೀ ಗಟ್ಟನ್ನು ಮರೆಮಾಡಿ. ಕ್ಯಾಟ್ ಒಂದನ್ನೇ ಮರೆಮಾಡಿದರೆ ಉಳಿದ ಪದಗಳೇ ಉತ್ತರ ಹೇಳಿಕೊಡುತ್ತವೆ, ಅರ್ಥ ಗೊತ್ತಿಲ್ಲದೆಯೂ ಪಾಸಾಗುತ್ತೀರಿ. ಬದಲಿಗೆ ಸುಳಿವಿನ ಜಾಗದಲ್ಲಿ ಅರ್ಥವನ್ನು ಸರಳ ಇಂಗ್ಲಿಷಿನಲ್ಲಿ ಕೊಡಿ. 'ಕೀಪ್ ಆ್ಯನ್ ಐ ಆನ್' ಎಂಬಲ್ಲಿ 'ಆ್ಯನ್' ಕೂಡ ಮರೆಯಲ್ಲೇ ಇರಲಿ, ಅಲ್ಲಿ 'ದ' ಹಾಕಿದರೆ ಗಟ್ಟು ಕೆಡುತ್ತದೆ. ಡಚ್ ಗಟ್ಟು ಕಾರ್ಡಿನ ಹಿಂಬದಿಯಲ್ಲಿ, ಎಚ್ಚರಿಕೆಯ ಸಾಲಾಗಿ ಮಾತ್ರ.

ದಿನಕ್ಕೆ 20 ಹೊಸ ಕಾರ್ಡ್ ಎಂಬುದು ಆಂಕಿಯಲ್ಲಿ ಮೊದಲೇ ಇಟ್ಟಿರುವ ಮಿತಿ. ನುಡಿಗಟ್ಟಿಗೆ ಅದು ಅತಿ, 5ಕ್ಕೆ ಇಳಿಸಿ. ಬೆಕ್ಕಿನ ಕಾರ್ಡನ್ನೂ ಹಂದಿಯ ಕಾರ್ಡನ್ನೂ ಒಂದೇ ವಾರ ಸೇರಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಕಲಿತ ಕಾರ್ಡನ್ನು 8 ಸಲ ಮರೆತರೆ ಆಂಕಿ ಅದನ್ನು 'ಲೀಚ್' ಎಂದು ಗುರುತಿಸುತ್ತದೆ. ಹಾಗೆ ಸಿಕ್ಕಿಬೀಳುವುದು ಬಹುಪಾಲು ಅರ್ಧ ಹೋಲುವ ಗಟ್ಟುಗಳೇ. ಅದನ್ನು ಹಾಗೇ ಮುಂದುವರಿಸಬೇಡಿ, ಸನ್ನಿವೇಶವನ್ನೇ ಬದಲಿಸಿ ಹೊಸದಾಗಿ ಬರೆಯಿರಿ.

ಒಂದು ಕಾರ್ಡಿಗೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಅಷ್ಟು ತಾಳ್ಮೆ ಇಲ್ಲದವರು ನಿಘಂಟು ಮತ್ತು ಒಂದು ನೋಟ್‌ಬುಕ್ ಇಟ್ಟುಕೊಂಡರೆ ಸಾಕು. ಮುಂದೆ ಡಚ್, ಹಿಂದೆ ಇಂಗ್ಲಿಷ್ ಇರುವ ಸಿದ್ಧ ಡೆಕ್ (ಕಾರ್ಡುಗಳ ಕಟ್ಟು) ಉಚಿತವಾಗಿ ಸಿಕ್ಕರೂ ಇಳಿಸಿಕೊಳ್ಳಬೇಡಿ. ಕಾರ್ಡ್ ಮಾಡುವವರು ಮೇಲಿನ ಬೆಕ್ಕು, ತಲೆ, ನೀರು ಈ ಮೂರರಿಂದ ಶುರುಮಾಡಿ, ಆಮೇಲೆ ಮೊಟ್ಟೆಗೆ ಬನ್ನಿ: ಡಚ್ಚರು ಮೊಟ್ಟೆಗಳ ಮೇಲೆ ಮೆಲ್ಲಗೆ ನಡೆಯುತ್ತಾರೆ, ಇಂಗ್ಲಿಷರು 'ಎಗ್‌ಶೆಲ್ಸ್' ಮೇಲೆ.