ಒಂದೇ ಮೇಜು, ಎರಡು ಸಲ

ಒಂದೇ ಅಳತೆಯ ಮೇಜನ್ನು ಎರಡು ಸಲ ಮಾಡಿದೆ. ಮೊದಲನೆಯದು ಮುರಿಯಿತು ಅಂತಲ್ಲ, ಅದು ಇವತ್ತಿಗೂ ಗಟ್ಟಿಯಾಗಿಯೇ ಇದೆ. ಆದರೆ ಕೆತ್ತನೆ ಇಲ್ಲದ, ನೇರ ಗೆರೆಗಳ ಮೇಜು ಬೇಕು ಅಂತ ಆಸೆಪಟ್ಟು ಮಾಡಿದ್ದು, ಮುಗಿದ ಮೇಲೆ ದೂರ ನಿಂತು ನೋಡಿದರೆ ಸಾಮಾನಿನ ಪೆಟ್ಟಿಗೆಗೆ ಕಾಲು ಹಚ್ಚಿದ ಹಾಗಿತ್ತು. ಎಲ್ಲಿ ಎಡವಿದೆ ಅಂತ ತಿಳಿಯಲೆಂದೇ ಎರಡನೆಯದಕ್ಕೆ ಕೈ ಹಾಕಿದೆ. ಅದೇ ತೇಗ, ಅದೇ 90 ಸೆಂ.ಮೀ. ಉದ್ದ, 50 ಅಗಲ, 74 ಎತ್ತರ. ಬದಲಾಯಿಸಿದ್ದು ಐದಾರು ಸಣ್ಣ ವಿಷಯ ಮಾತ್ರ. ಈಗ ಎರಡೂ ಒಂದೇ ಕೋಣೆಯಲ್ಲಿ ಎದುರುಬದುರು ನಿಂತಿವೆ. ಎರಡು ವರ್ಷ ಎರಡರ ಮೇಲೂ ಕೆಲಸ ಮಾಡಿದ್ದೇನೆ.

ಮೊದಲು ಕಾಲು. ಹಳೆಯದಕ್ಕೆ ಮೇಲಿಂದ ಕೆಳಗಿನವರೆಗೂ 45 ಮಿ.ಮೀ. ಚೌಕ. ಹೊಸದಕ್ಕೆ ಮೇಲೆ 40, ನೆಲ ಮುಟ್ಟುವಾಗ 22. ನಾಲ್ಕೂ ಮುಖ ಕೀಸಿ ಸಣ್ಣ ಮಾಡೋಣ ಅಂತಲೇ ಹೊರಟಿದ್ದೆ, ಆದರೆ ಅಗ್ಗದ ಮರದಲ್ಲಿ ಹಾಗೆ ಮಾಡಿ ನಿಲ್ಲಿಸಿ ನೋಡಿದಾಗ ಕಾಲುಗಳೆಲ್ಲ ಒಳಕ್ಕೆ ಮುದುರಿಕೊಂಡು, ಈಗಲೋ ಆಗಲೋ ಕುಸಿಯುವ ಹಾಗೆ ಕಾಣುತ್ತಿದ್ದವು. ಒಳಗಿನ ಎರಡು ಮುಖ ಮಾತ್ರ ಕೀಸಿದರೆ ಹೊರಗಿನ ಗೆರೆ ನೆಟ್ಟಗೆ ನೆಲಕ್ಕಿಳಿಯುತ್ತದೆ, ಮೇಜು ಹಗುರವಾಗಿಯೂ ಕಾಣುತ್ತದೆ, ಭದ್ರವಾಗಿಯೂ ಕಾಣುತ್ತದೆ. ಇದು ನನ್ನ ಕಂಡುಹಿಡಿತ ಅಲ್ಲ ಬಿಡಿ. 19ನೇ ಶತಮಾನದಲ್ಲಿ ಅಮೆರಿಕದ ಶೇಕರ್ ಪಂಥದವರು ಮಾಡಿದ ಎಷ್ಟೋ ಮೇಜುಗಳಲ್ಲಿ ಇದೇ ಉಪಾಯ ಇದೆ. ಒಂದೇ ಎಚ್ಚರಿಕೆ: ಕೀಸುವುದು ಶುರುವಾಗಬೇಕಾದ್ದು ಕಾಲುಗಳನ್ನು ಹಿಡಿಯುವ ಅಡ್ಡಪಟ್ಟಿಗಿಂತ ಒಂದು ಸೆಂ.ಮೀ. ಕೆಳಗೆ. ಒಂದು ಕಾಲಿನಲ್ಲಿ ಗೆರೆ ತಪ್ಪಿ ಪಟ್ಟಿಯ ಮಟ್ಟದಿಂದಲೇ ಶುರು ಮಾಡಿಬಿಟ್ಟೆ. ಸಂದಿಯಲ್ಲಿ ಕಾಗದ ತೂರುವಷ್ಟು ಬಿರುಕು ಉಳಿಯಿತು. ಆ ಕಾಲು ಈಗ ಗೋಡೆಯ ಕಡೆಗಿದೆ.

ಮೇಲ್ಹಲಗೆಯ ದಪ್ಪದಲ್ಲಿ ನಾನು ತುಂಬಾ ದಿನ ತಲೆ ಕೆಡಿಸಿಕೊಂಡೆ. ಹಳೆಯದು 25 ಮಿ.ಮೀ., ಅಂಚು ಚೌಕ. ಪೆಟ್ಟಿಗೆಯ ಹಾಗೆ ಕಾಣಲು ಅರ್ಧ ಕಾರಣ ಅದೇ. ಸುಮ್ನೆ 20ಕ್ಕೆ ಇಳಿಸಿದರೆ ಆಯಿತಲ್ವಾ ಅಂದುಕೊಂಡೆ. ಆದರೆ ಹಲಗೆ ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ತಕ್ಕ ಹಾಗೆ ಏರಿಳಿಯುತ್ತದೆ. 25ರಿಂದ 20ಕ್ಕೆ ಬಂದರೆ ಆ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕರ್ಧ ಹೋಗುತ್ತದೆ. ಹಾಗಾಗಿ ದಪ್ಪ 25ನ್ನೇ ಇಟ್ಟು, ಕೆಳಗಿನಿಂದ ನಾಲ್ಕೂ ಕಡೆ 40 ಮಿ.ಮೀ. ಒಳಗಿನವರೆಗೆ ಓರೆಯಾಗಿ ಕೀಸಿದೆ. ಅಂಚಿನಲ್ಲಿ ಉಳಿದದ್ದು 12. ನಿಂತು ನೋಡುವವರಿಗೆ ಕಾಣುವುದು ಆ 12 ಮಾತ್ರ. ಮೇಜು ಎತ್ತುವಾಗ ಬೆರಳಿಗೂ ಒಳ್ಳೆ ಹಿಡಿತ ಸಿಗುತ್ತದೆ. ಒಂದೇ ತೊಂದರೆ, ಈ ಓರೆಗೆ ಕ್ಲಾಂಪ್ ಕಚ್ಚುವುದಿಲ್ಲ, ಜಾರುತ್ತದೆ. ಟೇಬಲ್ ಲ್ಯಾಂಪ್ ಸಿಕ್ಕಿಸಬೇಕು ಅನ್ನುವವರಿಗೆ ಹಳೆಯ ಚೌಕ ಅಂಚೇ ಸರಿ.

ಮೇಲಿನ ಮೂಲೆಯ ಗೆರೆ ಹರಿತವಾಗಿದ್ದರೆ ಚೆಂದ, ನಿಜ. ಅರ್ಧ ಗಂಟೆ ಬರೆದು ಮುಂಗೈಯಲ್ಲಿ ಬಿದ್ದ ಕೆಂಪು ಗೀಟು ನೋಡಿದರೆ ಆ ಚೆಂದ ಸಾಕಪ್ಪಾ ಅನಿಸುತ್ತದೆ. ಹಳೆಯದನ್ನು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಗುಂಡಗೆ ಮಾಡಿದೆ, ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಆಯಿತು. ಹೊಸದಕ್ಕೆ ಕೀಸುಳಿಯನ್ನು ಓರೆ ಹಿಡಿದು ಮೂರೇ ಸಲ ಎಳೆದೆ, ಒಂದು ಮಿ.ಮೀ. ಅಗಲದ ಪಟ್ಟಿ ಬಿತ್ತು. ಗೆರೆ ನೇರವಾಗಿಯೇ ಉಳಿಯಿತು, ಕೈಗೆ ಒತ್ತುವುದೂ ಇಲ್ಲ.

ಜೋಡಣೆ ಕಾಣಿಸಬೇಕೋ ಮುಚ್ಚಬೇಕೋ ಅನ್ನುವುದು ಹಳೆಯ ಜಗಳ. ಡೆನ್ಮಾರ್ಕಿನ ಪೀಠೋಪಕರಣ ವಿನ್ಯಾಸಕ ಹಾನ್ಸ್ ವೆಗ್ನರ್ 1949ರಲ್ಲಿ ಮಾಡಿದ ಪ್ರಸಿದ್ಧ ದುಂಡು ಬೆನ್ನಿನ ಕುರ್ಚಿಯಲ್ಲಿ ಮೊದಲು ಬೆನ್ನಿನ ಸಂದಿಗೆ ಬೆತ್ತ ಸುತ್ತಿ ಮುಚ್ಚಿದ್ದರು, ಆಮೇಲೆ ಅಂಕುಡೊಂಕಿನ ಜೋಡಣೆಯನ್ನು ಎಲ್ಲರಿಗೂ ಕಾಣುವಂತೆ ತೆರೆದಿಟ್ಟರು. ಅದರ ಗುಂಗಿನಲ್ಲಿ ನಾನೂ ಹಳೆಯ ಮೇಜಿನಲ್ಲಿ ಅಡ್ಡಪಟ್ಟಿಯ ತುದಿಯಲ್ಲಿ ಕೆತ್ತಿದ ನಾಲಿಗೆಯನ್ನು ಕಾಲಿನ ಆಚೆಬದಿಗೆ ತೂರಿಸಿ, ಬೆಣೆ ಹೊಡೆದು, ಕಾಲಿನ ಮಟ್ಟಕ್ಕೆ ಕೀಸಿದೆ. ಕೈ ಸವರಿದರೆ ಕನ್ನಡಿ. ಆರು ತಿಂಗಳಾದ ಮೇಲೆ ಅದೇ ಜಾಗದಲ್ಲಿ ಉಗುರು ಆಡಿಸಿದರೆ ಟಕ್ ಅಂತ ತಾಗಿತು. ಮರ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಇಲ್ಲ ಅನ್ನುವಷ್ಟು ಕಡಿಮೆ. ಕಾಲು ಒಣಗಿ ತೆಳ್ಳಗಾಯಿತು, ಅದರೊಳಗೆ ಉದ್ದಕ್ಕೆ ಮಲಗಿದ್ದ ನಾಲಿಗೆ ಹಾಗೇ ಉಳಿದು ತುದಿ ಹೊರಗೆ ಇಣುಕಿತು. ಕಣ್ಣಿಗೆ ಕಾಣದಷ್ಟು, ಆದರೆ ಒಂದು ಸಲ ಗೊತ್ತಾದ ಮೇಲೆ ಬೆರಳು ಅಲ್ಲಿಗೇ ಹೋಗುತ್ತದೆ. ಹೊಸದರಲ್ಲಿ ನಾಲಿಗೆಯನ್ನು ಕಾಲಿನೊಳಗೇ ನಿಲ್ಲಿಸಿದೆ. ನೋಡಿದವರು ಯಾರೂ ಜೋಡಣೆಯನ್ನು ಹೊಗಳುವುದಿಲ್ಲ. ನನಗೆ ಸ್ವಲ್ಪ ಬೇಜಾರೇ!

ಇದೇ ಕುಗ್ಗುವ ಬುದ್ಧಿ ಮೇಲ್ಹಲಗೆಯಲ್ಲಿ ನಿಜವಾದ ಪೆಟ್ಟು ಕೊಟ್ಟಿತು. ಹಸಿ ಮರ ಪೂರ್ತಿ ಒಣಗುವಷ್ಟರಲ್ಲಿ ತೇಗ ಬೆಳವಣಿಗೆಯ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಸುಮಾರು 5.8% ಕುಗ್ಗುತ್ತದೆ, ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಸುಮಾರು 2.5%. ತೇಗ ಇದರಲ್ಲಿ ಸಾಧು ಮರ, ಓಕ್ ಇದಕ್ಕಿಂತ ಜಾಸ್ತಿ ಕುಣಿಯುತ್ತದೆ. ಒಣಗಿದ ಮರವೂ ಗಾಳಿಯ ತೇವ ಹೀರಿ ಬಿಡುತ್ತಲೇ ಇರುತ್ತದೆ, 50 ಸೆಂ.ಮೀ. ಅಗಲದ ಹಲಗೆ ವರ್ಷದಲ್ಲಿ ಎರಡು ಮೂರು ಮಿ.ಮೀ. ಅತ್ತಿತ್ತ ಆಡುವುದು ದೊಡ್ಡ ಮಾತಲ್ಲ. ನಾನು ಹಳೆಯದನ್ನು ಎರಡೂ ಬದಿಗೆ ಸ್ಕ್ರೂ ಬಿಗಿದು ಕದಲದ ಹಾಗೆ ಕಟ್ಟಿಹಾಕಿದ್ದೆ. ಗಾಳಿ ಒಣಗಿದ ಒಂದು ತಿಂಗಳಲ್ಲಿ ರಾತ್ರಿ ಚಟ್ ಅಂತ ಸದ್ದಾಯಿತು. ಬೆಳಿಗ್ಗೆ ನೋಡಿದರೆ ತುದಿಯಿಂದ ಒಂದು ಗೇಣು ಸೀಳು. ಹೊಸದಕ್ಕೆ ಪಟ್ಟಿಯ ಒಳಬದಿಗೆ ತೋಡು ಕೊರೆದು, ಮರದ ಚಿಕ್ಕ ಕೊಕ್ಕೆಗಳನ್ನು ಅದರಲ್ಲಿ ಸಿಕ್ಕಿಸಿ, ಕೊಕ್ಕೆಯನ್ನು ಹಲಗೆಗೆ ಸ್ಕ್ರೂ ಮಾಡಿದೆ. ಹಲಗೆ ಮೇಲೇಳುವುದಿಲ್ಲ, ಅಡ್ಡಕ್ಕೆ ಬೇಕಾದಷ್ಟು ಜರುಗುತ್ತದೆ. ಎಂಟು ಕೊಕ್ಕೆ, ಒಂದು ಮಧ್ಯಾಹ್ನದ ಕೆಲಸ. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ಡ್ರಾಯರ್‌ಗೆ ಹಿಡಿ ಬೇಡ, ಗೆರೆ ಕೆಡುತ್ತದೆ ಅಂತ ಹಳೆಯದರಲ್ಲಿ ಕೆಳಗಿನ ಅಂಚಿಗೆ ಬೆರಳು ತೂರುವಷ್ಟು ತೋಡು ಮಾತ್ರ ಕೊಟ್ಟಿದ್ದೆ. ಫೋಟೋದಲ್ಲಿ ಏನು ಚೆಂದ! ತೇವ ಜಾಸ್ತಿಯಾಗಿ ಡ್ರಾಯರ್ ಉಬ್ಬಿ ಕಚ್ಚಿಕೊಂಡ ದಿನ ಎಳೆಯಲು ಹಿಡಿತವೇ ಇಲ್ಲ, ಚಾಕು ತೂರಿಸಿ ತೆಗೆದೆ. ಹೊಸದಕ್ಕೆ ನಡುವೆ ಒಂದೇ ಒಂದು ಕಡೆದ ಮರದ ಗುಂಡು ಹಿಡಿ. ಇಡೀ ಮೇಜಿನಲ್ಲಿ ದುಂಡಗಿರುವುದು ಅದೊಂದೇ, ಹಾಗಾಗಿ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಅದರಿಂದ ಮೇಜು ಕೆಟ್ಟಿಲ್ಲ.

ಇನ್ನು ಪಾಲಿಶ್. ಹಳೆಯದಕ್ಕೆ ಅಗಸೆ ಎಣ್ಣೆ, ಹೊಸದಕ್ಕೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಹೊಳಪಿನಲ್ಲಿ ಅರಗಿಗೆ ಸಾಟಿಯಿಲ್ಲ, ಒಂದೇ ದಿನದಲ್ಲಿ ನಾಲ್ಕೈದು ಕೈ ಹಚ್ಚಬಹುದು. ಆದರೆ ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ, ಸ್ಯಾನಿಟೈಸರ್ ಹನಿ ಬಿದ್ದರೆ ಅಂಟಂಟು. ಎರಡು ತಿಂಗಳು ನೋಡಿ, ಮೇಲ್ಹಲಗೆಯನ್ನು ಮಾತ್ರ ಉಜ್ಜಿ ಪಾಲಿಯುರೆಥೇನ್ ವಾರ್ನಿಷ್ ಹಚ್ಚಿದೆ. ಕಾಲಿಗೆ ಅರಗೇ ಇದೆ. ಎಣ್ಣೆಗೆ ಕಲೆ ಬೇಗ ಆಗುತ್ತದೆ, ಸರಿ ಮಾಡುವುದೂ ಬೇಗ: ಅಷ್ಟು ಜಾಗ ಉಜ್ಜಿ ಮತ್ತೆ ಎಣ್ಣೆ ಒರೆಸಿದರೆ ಹತ್ತು ನಿಮಿಷದ ಕೆಲಸ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಕಬೇಡಿ, ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ.

ಈಗ ಬರೆಯುವುದೆಲ್ಲ ಹೊಸ ಮೇಜಿನ ಮೇಲೆ. ಉಳಿ ಮಸೆಯುವುದು, ಅಂಟು ಹಚ್ಚುವುದು, ಕ್ಲಾಂಪ್ ಬಿಗಿಯುವುದೆಲ್ಲ ಹಳೆಯದರ ಮೇಲೆ. ಅದರ ಸೀಳಿಗೆ ಇನ್ನೂ ಅಂಟು ತುಂಬಿಲ್ಲ. ತೇವದ ತಿಂಗಳಲ್ಲಿ ಅದು ತಾನೇ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆಯುತ್ತದೆ.